ಬೇಲಿ ಜಿಗಿಯುವ ಕುರಿಗಳು

"ಮಾಯಾ, ಬೇಲಿ ಜಿಗದು ಎಷ್ಟ ಕುರಿ ಬಂದೂವು? ಹೇಳವ್ವಾ," ಎಂದು ಶಿಶುವಿಹಾರದ ಸರಿತಾ ಅಕ್ಕೋರು ಫೋನಿನೊಳಗಿಂದ ಮೂರನೇ ಸಲ ಕೇಳಿದರು. ಐದು ವರ್ಷದ ಮಾಯಾ ಪರದೆಯನ್ನೇ ನೋಡುತ್ತ, ತುಟಿ ಬಿಗಿದು ಕೂತಿದ್ದಳು.

ಅವಳ ಅವ್ವ ದ್ರಾಕ್ಷಾಯಿಣಿ ಫೋನ್ ಹಿಡಿದ ಕೈ ಬದಲಿಸಿದಳು. ಚಾರ್ಜು ಒಂಬತ್ತಕ್ಕೆ ಇಳಿದಿತ್ತು. ಕೌಜಲಗಿ ಹತ್ತಿರದ ಈ ಕೊಯ್ದ ಜೋಳದ ಹೊಲದಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಒಡ್ಡಿನ ಮೇಲಿನ ಬನ್ನಿಮರದ ಹತ್ತಿರ ಮಾತ್ರ. ಒಂದು ಮಾರು ಸರಿದರೂ ಅಕ್ಕೋರ ಮುಖ ಚೂರುಚೂರಾಗುತ್ತಿತ್ತು.

ಸಂಕೇಶ್ವರದ ಶಿಶುವಿಹಾರದಲ್ಲಿ ಮಾಯಾಳ ಹೆಸರು ಉಳಿದದ್ದೇ ಅಕ್ಕೋರ ಹಟದಿಂದ. ದೀಪಾವಳಿ ದಾಟಿದ ಕೂಡಲೇ ಕುರಿಗಳ ಜೊತೆ ಊರು ಬಿಡುವ ಮನೆಯ ಕೂಸಿಗೆ ಜಾಗ ಯಾಕೆ, ಹೊರಗೆ ಶುಭಮ್ ಅನ್ನುವ ಹುಡುಗ ಕಾಯುತ್ತಿದ್ದಾನಲ್ಲ ಎಂದು ಮುಖ್ಯಸ್ಥರಾದ ತಾತ್ಯಾಸಾಹೇಬರು ಅಂದಿದ್ದರು. ಆಗ ಅಕ್ಕೋರು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಆಟಗಳನ್ನೆಲ್ಲ ಹುಡುಕಿ ತೆಗೆದರು. ದಿನಕ್ಕೆ ಅರ್ಧ ತಾಸು, ಫೋನಿನಲ್ಲೇ ಸಾಲಿ. ಬಣ್ಣದ ಬಲೂನು ಒಡೆಯುವುದು, ರೈಲಿಗೆ ಡಬ್ಬಿ ಜೋಡಿಸುವುದು, ಎಲ್ಲದರಲ್ಲೂ ಮಾಯಾ ಮುಂದು. ಇಪ್ಪತ್ತರ ತನಕ ಎಣಿಸಿ, ಹೆಂಗೆ ಅನ್ನುವಂತೆ ಅವ್ವನ ಮುಖ ನೋಡುತ್ತಿದ್ದಳು. ಇವತ್ತು ತಾತ್ಯಾಸಾಹೇಬರೇ ಅಕ್ಕೋರ ಬಾಜೂಕ್ಕೆ ಕೂತಿದ್ದರು. ಉಳಿದ ಮಕ್ಕಳೆಲ್ಲ ಆಡಿದ ಎಣಿಕೆಯ ಆಟವನ್ನು ಇವಳೂ ಆಡಿ ಮುಗಿಸಿದರೆ ಹೆಸರು ಇರುತ್ತದೆ, ಇಲ್ಲದಿದ್ದರೆ ಜಾಗ ಶುಭಮ್‌ಗೆ.

ಆ ಆಟದಲ್ಲಿ ಕುರಿ ಬರುತ್ತವೆಂದು ಯಾರಿಗೆ ಗೊತ್ತಿತ್ತು?

ಕುರಿಯನ್ನು ಬಾಯಿಬಿಟ್ಟು ಎಣಿಸಬಾರದು, ಎಣಿಸಿದರೆ ಹಿಂಡು ಕರಗುತ್ತದೆ ಎಂದು ಅತ್ತೆ ರಾಮವ್ವ ಮೊಮ್ಮಗಳಿಗೆ ಮಾತು ಬಂದಾಗಲೇ ಕಲಿಸಿದ್ದಳು. ಹೋದ ವರ್ಷ ಕುರಿಗಳಿಗೆ ಸೂಜಿ ಹಾಕಲು ಬಂದವನೊಬ್ಬ ಹಿಂಡಿನ ನಡುವೆ ನಿಂತು ಗಟ್ಟಿಯಾಗಿ ಎಣಿಸಿದ. ವಾರದೊಳಗೆ ಮರಿಗಳು ಒಂದರ ಹಿಂದೊಂದು ಬಿದ್ದವು. ರೋಗ ಮೊದಲೇ ತಗುಲಿತ್ತು ಎಂದು ಮಗ ಮಾಲಿಂಗ ಎಷ್ಟು ಹೇಳಿದರೂ ಮುದುಕಿ ಒಪ್ಪಲಿಲ್ಲ. ಇವತ್ತು ಮಾಲಿಂಗ ಔಷಧ ತರಲು ಕೌಜಲಗಿಗೆ ಹೋಗಿದ್ದ. ರಾಮವ್ವ ಇಪ್ಪತ್ತು ಹೆಜ್ಜೆ ಆಚೆ, ಹಿಂಡಿನ ಮುಂದೆ, ಕೋಲಿಗೆ ಗದ್ದ ಊರಿ ನಿಂತಿದ್ದಳು. ಕಿವಿ ಮಾತ್ರ ಇತ್ತಲೇ ಇತ್ತು.

ಅಕ್ಕೋರು ಕುರಿ ಬಿಟ್ಟು ಮುಂದಿನ ಹೂವಿನ ಆಟಕ್ಕೆ ಹೋಗಲು ನೋಡಿದರು. ಪುಕ್ಕಟೆ ಆಟ, ನಡುವೆ ದಾಟಲು ಬಿಡಲಿಲ್ಲ. ಸಾಬೂನಿನ ಜಾಹೀರಾತೊಂದು ಕುಣಿದು ಹೋಗಿ, ಅವೇ ಕುರಿಗಳು ಮತ್ತೆ ಬಂದು ಜಿಗಿದವು. ಕುರಿ ಬದಲು ತನ್ನ ಬೆರಳಾದರೂ ಎಣಿಸಲಿ ಎಂದು ಅಕ್ಕೋರು ಕೇಳಿದ್ದಕ್ಕೆ ತಾತ್ಯಾಸಾಹೇಬರು, ಎಲ್ಲರಿಗೂ ಒಂದು, ಈ ಕೂಸಿಗೇ ಒಂದು ಮಾಡಿದರೆ ನಾಳೆ ಶುಭಮ್‌ನ ಅಪ್ಪನಿಗೆ ಏನು ಹೇಳಲಿ ಎಂದರು. ಚಾರ್ಜು ಆರು.

"ಸರ್, ನಮ್ಮಲ್ಲಿ ಕುರಿ ಎಣಸಂಗಿಲ್ರಿ," ಎಂದಳು ದ್ರಾಕ್ಷಾಯಿಣಿ. ದನಿ ತಗ್ಗಿಸಿಯೇ ಅಂದಳು.

"ಇವೇನ್ ಖರೇ ಕುರಿ ಏನವ್ವಾ? ಚಿತ್ರ ಅವು," ಎಂದರು ತಾತ್ಯಾಸಾಹೇಬರು.

"ಜಿಗ್ಯಾಕತ್ತಾವಲ್ರಿ," ಎಂದಳು ಮಾಯಾ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

ಹಿಂದೆ ಕೋಲಿನ ಸದ್ದಾಯಿತು. ರಾಮವ್ವ ಬಂದು ಸೊಸೆಯ ಹೆಗಲ ಮೇಲಿಂದ ಬಾಗಿ ನೋಡಿದಳು. ಬೈಯುತ್ತಾಳೆಂದೇ ದ್ರಾಕ್ಷಾಯಿಣಿ ಅಂದುಕೊಂಡಳು. ಮುದುಕಿ ಬಹಳ ಹೊತ್ತು ಪರದೆಯ ಬಿಳೀ ಕುರಿಗಳನ್ನು ನೋಡಿ, "ಯಾರ್ವು ಇವು?" ಎಂದು ಕೇಳಿದಳು.

"ಯಾರ್ವೂ ಅಲ್ರಿ ಆಯಿ," ಎಂದರು ಅಕ್ಕೋರು.

"ಯಾರ್ವೂ ಅಲ್ಲದ ಕುರಿ ಇರ್ತಾವೇನ್ರಿ ಎಲ್ಲೆರ?"

ರಾಮವ್ವ ಮೊಮ್ಮಗಳ ತಲೆ ಮೇಲೆ ಕೈಯಿಟ್ಟಳು.

"ನಮ್ಮವನ್ನ ಕೆನಾಲದಾಚಿ ದಾಟಸ್ತೇನಿ. ಅವಕ್ಕ ಕೇಳಸದಷ್ಟು ದೂರ ಹೋದಮ್ಯಾಲೆ ಹೇಳು."

ಹಿಂಡು ಎದ್ದಿತು. ಕಾಲುವೆಗೆ ಇದ್ದದ್ದು ಒಂದೇ ಸಣ್ಣ ಸೇತುವೆ, ಎರಡು ಕುರಿ ಜೊತೆಯಾಗಿ ನಡೆಯದಷ್ಟು ಕಿರಿದು. ಚಾರ್ಜು ನಾಲ್ಕಾಯಿತು. ತಾತ್ಯಾಸಾಹೇಬರು ಇನ್ನೆಷ್ಟು ಹೊತ್ತು ಎಂದು ಕೇಳುವುದು ಕೇಳಿಸಿತು. ಅಕ್ಕೋರು, ದಾಟಾಕತ್ತಾವ ಸರ್, ದಾಟಾಕತ್ತಾವ ಅಂದರು. ಮಾಯಾ ಪರದೆಗೆ ಬೆನ್ನು ಮಾಡಿ ಸೇತುವೆಯನ್ನೇ ನೋಡುತ್ತಿದ್ದಳು. ಮೂರು. ಕುಂಟುವ ಕಂದು ಕುರಿಯೊಂದು ನಡುವೆ ನಿಂತುಬಿಟ್ಟಿತು. ರಾಮವ್ವ ಅದಕ್ಕೆ ಕೋಲು ಬೀಸಲಿಲ್ಲ, ಕೊರಳು ಹಿಡಿದು ನಡೆಸಿಕೊಂಡು ಹೋದಳು. ಆಚೆ ದಂಡೆಯಲ್ಲಿ ನಿಂತು ಕೋಲು ಎತ್ತಿದಳು.

ಮಾಯಾ ತಿರುಗಿ ಫೋನಿಗೆ ಬಾಯಿ ಹಚ್ಚಿ, ಉಸಿರಿನಷ್ಟೇ ಮೆಲ್ಲಗೆ, "ಏಳು," ಎಂದಳು.

ಅಕ್ಕೋರು ಏಳನ್ನು ಒತ್ತಿದ್ದೇ ಪರದೆಯ ತುಂಬ ನಕ್ಷತ್ರ ಉದುರಿದವು, ಚಪ್ಪಾಳೆ ಕೇಳಿಸಿತು. ಅದರ ನಡುವೆ ತಾತ್ಯಾಸಾಹೇಬರು, "ಹೆಸರು ಇರ್ಲಿ ಬಿಡ್ರಿ," ಅಂದದ್ದು ಕೇಳಿತು. ಫೋನ್ ಆರಿಹೋಯಿತು.

ಸಂಜೆ ಹಿಂಡು ದೊಡ್ಡಿಗೆ ತಿರುಗಿತು. ಬಾಗಿಲಲ್ಲಿ ರಾಮವ್ವ ದಿನದಂತೆ ನಿಂತು, ಒಳಗೆ ಹೋಗುವ ಒಂದೊಂದರ ಬೆನ್ನನ್ನೂ ಮುಟ್ಟಿ ಬಿಡುತ್ತಿದ್ದಳು. ಇವತ್ತು ಒಂದೊಂದರ ಮೇಲೂ ಕೈ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಬಾಜೂಕ್ಕೆ ಮಾಯಾ. ಅವಳ ಬಾಯಿ ಮುಚ್ಚಿತ್ತು, ಲಂಗದ ಮರೆಯಲ್ಲಿ ಬೆರಳು ಮಾತ್ರ ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ರಾಮವ್ವ ಅದನ್ನು ನೋಡಿದಳು. ಆ ಪುಟ್ಟ ಕೈಯನ್ನು ತನ್ನ ಎಡಗೈಯೊಳಗೆ ಮುಚ್ಚಿ ಹಿಡಿದು, ಬಲಗೈಯನ್ನು ಮುಂದಿನ ಕುರಿಯ ಬೆನ್ನಿಗೆ ಚಾಚಿದಳು.