ಮೊದಲ ಹದಿನೈದು ಕಿಲೋಮೀಟರು

ಪಂಡರಿ ಆರು ವರ್ಷ ಬಿಡದೆ ಓಡಿದ ಓಟವದು. ದಸರೆ ಕಳೆದು ದೀಪಾವಳಿ ಬರುವುದರೊಳಗಿನ ಒಂದು ಭಾನುವಾರ, ಬಸವಕಲ್ಯಾಣದ ಕೋಟೆಯ ಮುಂದೆ ಹೊರಟು, ಮೋರಖಂಡಿಯನ್ನು ಸುತ್ತಿ, ಹೆದ್ದಾರಿ ಹತ್ತಿ, ರಾಜೇಶ್ವರ ದಾಟಿ, ಹುಮನಾಬಾದಿನಲ್ಲಿ ಮುಗಿಯುವ ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನ್. ಓಡುವವರು ಅರವತ್ತೋ ಎಪ್ಪತ್ತೋ ಮಂದಿ ಅಷ್ಟೇ. ಆದರೆ ಒಮ್ಮೆ ಓಡಿದವರು ಮರುವರ್ಷ ಮತ್ತೆ ಬರುತ್ತಿದ್ದರು. ಆ ದಿನಗಳಲ್ಲಿ ಮಳೆ ಹಿಂದೆ ಸರಿದು ಬೆಳಗಿನ ಗಾಳಿಗೆ ಸಣ್ಣ ಚಳಿ ಬಂದಿರುತ್ತಿತ್ತು. ರಸ್ತೆಯ ಎರಡೂ ಬದಿ ತೊಗರಿ ಹೂಬಿಟ್ಟು ಹೊಲಗಳೆಲ್ಲ ಹಳದಿ. ಸೋಯಾ ಕೊಯ್ದ ಕರಿಯ ನೆಲದ ಮೇಲೆ ಮಂಜು ಕೂತಿರುತ್ತಿತ್ತು. ರಾಜೇಶ್ವರದ ಹತ್ತಿರ ಹೆಂಗಸರು ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತು, ಓಡುವವರನ್ನು ನೋಡಿ ನಗುತ್ತಿದ್ದರು.

ಪಂಡರಿಗೆ ಮೋರಖಂಡಿಯಲ್ಲಿ ಒಂದು ಹಿಟ್ಟಿನ ಗಿರಣಿ, ಮನೆಯಲ್ಲಿ ನಲವತ್ತು ಕುರಿ. ವಯಸ್ಸು ಮೂವತ್ತಾರು. ಒಂದು ವರ್ಷವೂ ಮೊದಲ ಹತ್ತರೊಳಗೆ ಬಂದವನಲ್ಲ. ಆದರೂ ಊರಿನಲ್ಲಿ ಮ್ಯಾರಥಾನ್ ಓಡುವವನು ಅವನೊಬ್ಬನೇ. ಅದು ಅವನಿಗೆ ಸಾಕಾಗಿತ್ತು. ಹೆಂಡತಿ ಸರಿತಾ ಪ್ರತಿ ವರ್ಷ ನಿಂಬೆಹಣ್ಣಿನ ನೀರು ತುಂಬಿದ ತಂಬಿಗೆ ಹಿಡಿದು ರಾಜೇಶ್ವರದ ಬಸ್ ನಿಲ್ದಾಣದ ಮುಂದೆ ನಿಲ್ಲುತ್ತಿದ್ದಳು. ಅವನು ಬಂದು, ಗಟಗಟ ಕುಡಿದು, ತಂಬಿಗೆ ಅವಳ ಕೈಗಿಟ್ಟು ಓಡುತ್ತಿದ್ದ.

ಎರಡು ಸಾವಿರದ ನಾಲ್ಕರ ಓಟ ಮುಗಿಸಿ ಮನೆಗೆ ಬಂದ ಸಂಜೆ ಸರಿತಾ ರೊಟ್ಟಿ ಬಡಿಯುತ್ತ ನಗುತ್ತ ಅಂದಳು: "ಮೂರು ತಾಸು ನಿಂತು ನಿಂತು ಕಾಲು ಮರಗಟ್ಟತಾವ್ರಿ. ಇದರಕ್ಕಿಂತ ನಾನೂ ಓಡಿಬಿಡೋದು ಛಲೋ."

"ಓಡು, ಯಾರು ಬ್ಯಾಡ ಅಂದಾರ?" ಅಂದ ಪಂಡರಿ. ತಮಾಷೆಗೆ ಅಂದದ್ದು.

ಅವಳು ತಮಾಷೆಗೆ ಅಂದಿರಲಿಲ್ಲ. ಮರುದಿನವೇ ಅವನ ಹಳೆಯ ಬೂಟಿನೊಳಗೆ ಬಟ್ಟೆ ತುರುಕಿ ಅವನ ಹಿಂದೆ ಹೊರಟಳು. ಅವಳು ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ಈಗ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅತ್ತೆ ಭೀಮಬಾಯಿ ಬಾಗಿಲಲ್ಲಿ ನಿಂತು, "ಸಣ್ಣಾಕಿ ಇದ್ದಾಗ ಆಡಿನ ಹಿಂದ ಓಡಿದ್ದು ಸಾಕಾಗಿಲ್ಲೇನವಾ ನಿನಗ?" ಎಂದು ಗೊಣಗಿದಳು. ಆದರೂ ಮೊಮ್ಮಗಳು ದೀಪಾಲಿಯ ಜಡೆ ಹಾಕಿ ಶಾಲೆಗೆ ಕಳಿಸುವ ಕೆಲಸವನ್ನು ತಾನೇ ಹೊತ್ತುಕೊಂಡಳು.

ಮೊದಮೊದಲು ಪಂಡರಿಗೆ ಖುಷಿಯೇ ಆಯಿತು. ಉಸಿರು ಹೇಗೆ ಬಿಡಬೇಕು, ಇಳಿಜಾರಿನಲ್ಲಿ ಹೆಜ್ಜೆ ಹೇಗಿಡಬೇಕು ಎಂದು ಹೇಳಿಕೊಟ್ಟ. ಸಂಕ್ರಾಂತಿಯ ಹೊತ್ತಿಗೆ ಅವಳು ಅವನ ಪಕ್ಕಕ್ಕೆ ಬಂದಳು. ಯುಗಾದಿಯ ಹೊತ್ತಿಗೆ ಏರಿನಲ್ಲಿ ಅವನೇ "ಜರಾ ನಿಂದ್ರು" ಅನ್ನಬೇಕಾಯಿತು. ಅವಳು ನಿಂತಳು. ಏದುಸಿರಿಲ್ಲದೆ ಸೆರಗು ಸಿಕ್ಕಿಸಿಕೊಳ್ಳುತ್ತ ನಿಂತ ಅವಳನ್ನು ನೋಡಿ ಪಂಡರಿಯ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅದಕ್ಕೆ ಏನು ಹೆಸರೆಂದು ಅವನಿಗೆ ಆಗ ತಿಳಿಯಲಿಲ್ಲ.

ಆ ವರ್ಷ ಮೊದಲ ಸಲ ಹೆಂಗಸರಿಗೂ ಓಡಲು ಅವಕಾಶ ಕೊಟ್ಟರು. ಓಟದ ಉಸ್ತುವಾರಿ ಬಸವಕುಮಾರನದು. ಅವನು ಬಸವಕಲ್ಯಾಣದ ಶಾಲೆಯೊಂದರ ವ್ಯಾಯಾಮ ಶಿಕ್ಷಕ, ಅರಿವೆ ಅಂಗಡಿಯವರ ಮಗ, ಪಂಡರಿಗಿಂತ ಐದಾರು ವರ್ಷ ಚಿಕ್ಕವನು. ತಾನೂ ಓಡುತ್ತಿದ್ದ, ಬಾಯಿ ಸಡಿಲ. ಹೆಸರು ಬರೆಸಲು ಬಂದ ಸರಿತಾಳನ್ನು ತ್ರಿಪುರಾಂತ ಕೆರೆಯ ದಾರಿಯಲ್ಲಿ ಗಡಿಯಾರ ಹಿಡಿದು ಓಡಿಸಿ ನೋಡಿದ. ಆಮೇಲೆ ಚಹಾದಂಗಡಿಯ ಮುಂದೆ ಎಲ್ಲರೆದುರು, ಅವಳನ್ನು ಅತ್ತಿಗೆಯ ಸಲುಗೆಯಿಂದ ವೈನಿಯೆಂದು ಕರೆದು, ಅಂದ:

"ಪಂಡರಿ ಅಣ್ಣಾ, ವೈನಿ ಓಡಿದ್ರ ಕಾಲು ನೆಲಕ್ಕ ತಾಕಿದ್ದು ಕೇಳಂಗೇ ಇಲ್ಲ ನೋಡ್ರಿ. ನಿಮ್ಮ ಸಪ್ಪಳ ಮಾತ್ರ ಅರ್ಧ ಮೈಲಿಗೇ ಕೇಳ್ತದ!"

ಎಲ್ಲರೂ ನಕ್ಕರು. ಪಂಡರಿಯೂ ನಕ್ಕ. ಮನೆಗೆ ಬರುವಾಗ ಸೈಕಲ್ಲು ತುಳಿಯುತ್ತ ಅವನು ಕೇಳಿದ್ದು ತನ್ನದೇ ಉಸಿರಿನ ಸದ್ದನ್ನು.

ಅಂದಿನಿಂದ ಗಿರಣಿಗೆ ಜೋಳ ಬೀಸಿಸಲು ಬಂದವರೆಲ್ಲ ಒಂದೇ ಮಾತು ಕೇಳತೊಡಗಿದರು. "ಸರಿತಾ ಓಡಾಕತ್ತಾಳಂತ, ಖರೇ ಏನು?" ಆರು ವರ್ಷ ತಾನು ಓಡಿದ್ದನ್ನು ಒಬ್ಬರೂ ಹೀಗೆ ಕೇಳಿರಲಿಲ್ಲ. ಬಸವಕುಮಾರ ವಾರಕ್ಕೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ಬಂದು ಅವಳ ಹೊತ್ತು ಬರೆದುಕೊಂಡು ಹೋಗತೊಡಗಿದ. ಅವನು "ವೈನಿ, ವೈನಿ" ಎಂದಾಗಲೆಲ್ಲ ಪಂಡರಿಯ ಹೊಟ್ಟೆಯೊಳಗೆ ಕೆಂಡ ಮಗ್ಗುಲಾಗುತ್ತಿತ್ತು. ತನಗೆ ಸಿಟ್ಟು ಬಂದಿರುವುದು ಆ ಹುಡುಗಾಟದ ಮಾಸ್ತರನ ಮೇಲೆ, ಪರಗಂಡಸಿನ ಸಲುಗೆಯ ಮೇಲೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಗಂಡಸಿಗೆ ಹೇಳಿಕೊಳ್ಳಲು ಅದು ಮರ್ಯಾದೆಯ ಕಾರಣ. ಆದರೆ ಒಂದು ಬೆಳಿಗ್ಗೆ ಬಸವಕುಮಾರ ಬಾರದ ದಿನ, ಮಂಜಿನಲ್ಲಿ ಸರಿತಾ ತನ್ನನ್ನು ಬಿಟ್ಟು ಹಗುರವಾಗಿ ಮುಂದೆ ಹೋದದ್ದನ್ನು ಕಂಡಾಗ ಕೆಂಡ ಇನ್ನೂ ಹೆಚ್ಚು ಸುಟ್ಟಿತು. ಅಲ್ಲಿ ಬೇರೆ ಯಾವ ಗಂಡಸೂ ಇರಲಿಲ್ಲ.

ಓಟದ ಹಿಂದಿನ ದಿನ ಸಂಜೆ ಸರಿತಾ ಹೊಸ ಬೂಟಿನ ಲೇಸು ಪೋಣಿಸುತ್ತ ಕೂತಿದ್ದಳು. ತಲೆಯೆತ್ತಿ ಕೇಳಿದಳು:

"ಇಷ್ಟು ದೂರ ನಾ ಎಂದೂ ಓಡಿಲ್ಲ. ಮೊದಲಿಗೆ ಹ್ಯಾಂಗ ಓಡಬೇಕ್ರಿ? ಸಾವಕಾಶ ಹೋಗ್ಲೋ, ಜೋರ್ ಹೋಗ್ಲೋ?"

ಉತ್ತರ ಪಂಡರಿಗೆ ಬಾಯಿಪಾಠ. ಮೊದಲು ತಡೆದು ಓಡಬೇಕು. ಮೈಯಲ್ಲಿ ಎಷ್ಟೇ ಹುರುಪಿರಲಿ, ರಾಜೇಶ್ವರದವರೆಗೆ ಕಾಲನ್ನು ಉಳಿಸಿಕೊಳ್ಳಬೇಕು. ಮೊದಲ ವರ್ಷ ಹುರುಪಿನಲ್ಲಿ ಓಡಿ, ಕಡೆಯ ಎಂಟು ಕಿಲೋಮೀಟರು ಕುಂಟಿ ಅಳುತ್ತ ನಡೆದು ಕಲಿತ ಪಾಠವದು.

"ಮೊದಲ ಹದಿನೈದು ಕಿಲೋಮೀಟರು ಜೋರಾಗಿ ಹೋಗು," ಎಂದ ಅವನು. "ಮೈ ತಂಪಿರ್ತದ, ಬಿಸಿಲು ಇರಂಗಿಲ್ಲ. ಆಗ ಎಷ್ಟು ಗಳಿಸ್ತಿ ಅಷ್ಟು ಬರಾಬರ್."

ಸರಿತಾ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಹೌದ್ರಿ?" ಅಂದಳು.

"ಹೌದು," ಅಂದ. ನಾಲಿಗೆ ತಡವರಿಸಲಿಲ್ಲ. ಅದೇ ಅವನನ್ನು ಆಮೇಲೆ ಬಹಳ ದಿನ ಕಾಡಿದ್ದು.

ಬೆಳಿಗ್ಗೆ ಆರಕ್ಕೆ ಕೋಟೆಯ ಮುಂದೆ ಎಪ್ಪತ್ತೆರಡು ಜನ ಸೇರಿದ್ದರು, ಅವರಲ್ಲಿ ಹೆಂಗಸರು ಮೂವರು. ಸೀಟಿ ಊದಿದ ಕೂಡಲೇ ಸರಿತಾ ಬಾಣದ ಹಾಗೆ ಹೊರಟಳು. ಕಾಲೇಜು ಹುಡುಗರ ನಡುವೆ ಅವಳ ಹಸಿರು ಚೂಡಿದಾರ ಕೆರೆಯ ತಿರುವಿನವರೆಗೆ ಕಂಡು, ಮಂಜಿನಲ್ಲಿ ಕರಗಿತು. ಅವಳ ಜೊತೆ ಓಡುತ್ತಿದ್ದ ಬಸವಕುಮಾರ "ವೈನೀ, ಸಾವಕಾಶ!" ಎಂದು ಕೂಗಿದ್ದು ಕೇಳಿಸಿತು.

ಪಂಡರಿ ತಡೆದು ಓಡಿದ. ಅಂದಿನಷ್ಟು ಲೆಕ್ಕವಿಟ್ಟು ಅವನು ಎಂದೂ ಓಡಿರಲಿಲ್ಲ. ಮೋರಖಂಡಿಯಲ್ಲಿ ಊರವರು ರಸ್ತೆಗೆ ಬಂದು ನಿಂತಿದ್ದರು. "ಸರಿತಾ ಆಗಲೇ ಹೋದ್ಳು! ಕುದುರಿ ಓಡಿದಂಗ ಓಡಾಕತ್ತಾಳ!" ಎಂದು ಒಬ್ಬರು ಕೂಗಿದರು. "ಓಡಲಿ, ಓಡಲಿ" ಎಂದುಕೊಂಡ. ತೊಗರಿಯ ಹೂವಿನ ಮೇಲೆ ಬಿಸಿಲು ಬಿತ್ತು. ಇಬ್ಬನಿ ಆರುವ ವಾಸನೆ ಎದ್ದಿತು. ವರ್ಷವೆಲ್ಲ ಅವನು ಕಾಯುತ್ತಿದ್ದುದೇ ಈ ದಾರಿಯನ್ನು. ಅಂದು ಅದ್ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಕಣ್ಣು ಹುಡುಕುತ್ತಿದ್ದುದು ದೂರದಲ್ಲೆಲ್ಲೋ ನಿಧಾನವಾಗಬೇಕಾದ ಒಂದು ಹಸಿರು ಚುಕ್ಕೆಯನ್ನು.

ಹೆದ್ದಾರಿಯಲ್ಲಿ ಲಾರಿಗಳು ಹಾರ್ನು ಹೊಡೆಯುತ್ತ ಹೋದವು. ರಾಜೇಶ್ವರದಲ್ಲಿ ಯಾರೋ ಕೊಟ್ಟ ನೀರು ಕುಡಿದ. ಮೂವತ್ತು ದಾಟಿದರೂ ಕಾಲಿನಲ್ಲಿ ಇನ್ನೂ ಕಸುವಿತ್ತು. ಮುಂದಿನವರು ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಮೂವತ್ನಾಲ್ಕನೆಯ ಕಲ್ಲಿನ ಹತ್ತಿರ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಸರಿತಾ ಕೂತಿದ್ದಳು.

ಅವಳು ಬಗ್ಗಿ ವಾಂತಿ ಮಾಡುತ್ತಿದ್ದಳು. ಮುಖ ಬೂದಿಯಂತಾಗಿತ್ತು. ಒಂದು ಕಾಲಿನ ಮೀನಖಂಡ ಸೆಟೆದು ಕಲ್ಲಾಗಿತ್ತು. ಬಸವಕುಮಾರ ತನ್ನ ಓಟ ಬಿಟ್ಟು, ಮಣ್ಣಿನಲ್ಲಿ ಮೊಣಕಾಲೂರಿ ಅವಳ ಪಾದ ಹಿಡಿದು ಹಿಂದಕ್ಕೆ ಬಗ್ಗಿಸುತ್ತಿದ್ದ.

"ಅಣ್ಣಾ, ಬರ್ರಿ! ಜರಾ ಹಿಡೀರಿ," ಎಂದು ಬಸವಕುಮಾರ ಕರೆದ.

ಸರಿತಾ ತಲೆಯೆತ್ತಿ ಗಂಡನನ್ನು ನೋಡಿದಳು. ಪಂಡರಿಯ ಕಾಲುಗಳು ನಿಧಾನವಾದವು. ಒಂದು ಕ್ಷಣ ನಿಂತೇಬಿಟ್ಟವು. ಇನ್ನು ಎಂಟು ಕಿಲೋಮೀಟರು. ಹಿಂದೆಂದೂ ಇಷ್ಟು ಹೊತ್ತಿಗೆ ಇಷ್ಟು ದೂರ ಬಂದಿರಲಿಲ್ಲ. ಪರಪುರುಷನ ಕೈಯಲ್ಲಿ ಹೆಂಡತಿಯ ಪಾದವಿತ್ತು. ತಿಂಗಳುಗಟ್ಟಲೆ ಯಾವುದಕ್ಕೆ ಉರಿದೆನೆಂದು ಅಂದುಕೊಂಡಿದ್ದನೋ ಅದು ಕಣ್ಣೆದುರಿಗಿತ್ತು. ವಿಚಿತ್ರವೆಂದರೆ ಅದು ಅವನನ್ನು ಸುಡಲಿಲ್ಲ. ಅವನ ಮನಸ್ಸಿನಲ್ಲಿದ್ದುದು ಒಂದೇ: ಈಗ ಅವಳು ನನ್ನ ಹಿಂದಿದ್ದಾಳೆ.

"ನೀವು ಇದ್ದೀರಲ್ಲ," ಅಂದು ಅವನು ಓಡಿದ.

ಹುಮನಾಬಾದಿನ ಮೈದಾನ ಮುಟ್ಟಿದಾಗ ಮೂರು ತಾಸು ನಲವತ್ತೊಂದು ನಿಮಿಷವಾಗಿತ್ತು. ಒಂಬತ್ತನೆಯವನು. ಅವನ ಏಳು ವರ್ಷಗಳಲ್ಲಿ ಅತಿ ಒಳ್ಳೆಯ ಓಟ. ಒಬ್ಬರು ಹೊತ್ತು ಬರೆದುಕೊಂಡರು, ಇನ್ನೊಬ್ಬರು ಬಾಳೆಹಣ್ಣು ಕೊಟ್ಟರು, ಅಷ್ಟೇ. ಅವನು ಬೇವಿನ ನೆರಳಿನಲ್ಲಿ ಕೂತು, ಹಣ್ಣನ್ನು ಸುಲಿಯದೆ ಪಕ್ಕಕ್ಕಿಟ್ಟು, ರಸ್ತೆಯ ಕಡೆ ನೋಡಿದ.

ಒಂದು ತಾಸಾದ ಮೇಲೆ ಮೈದಾನದ ಬಾಗಿಲಲ್ಲಿ ಗದ್ದಲವೆದ್ದಿತು. ಸರಿತಾ ಬರುತ್ತಿದ್ದಳು. ಅರ್ಧ ಓಟ, ಅರ್ಧ ಕುಂಟು. ಉಳಿದಿಬ್ಬರು ಹೆಂಗಸರು ರಾಜೇಶ್ವರದಲ್ಲೇ ಓಟ ಬಿಟ್ಟು ಟೆಂಪೊ ಹತ್ತಿದ್ದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗಿಯರು ಹಗ್ಗ ದಾಟಿ ಅವಳ ಜೊತೆ ಓಡಿದರು. ಅವಳ ಕೈಗೆ ಹಿತ್ತಾಳೆಯ ಕಪ್ಪು ಕೊಟ್ಟು ಫೋಟೊ ತೆಗೆದರು. ಪತ್ರಿಕೆಯವನೊಬ್ಬ ಕೇಳಿದ: "ಯಾರು ಕಲಿಸಿದ್ರು ತಾಯಿ ನಿಮಗ?"

"ನಮ್ಮನೆಯವರು," ಎಂದು ಅವಳು ಬೇವಿನ ಮರದ ಕಡೆ ಕೈ ತೋರಿಸಿದಳು.

ಎಲ್ಲರೂ ತಿರುಗಿ ಪಂಡರಿಯನ್ನು ನೋಡಿದರು. ಅಷ್ಟು ಜನ ತನ್ನನ್ನು ನೋಡಬೇಕೆಂದು ಅವನು ಏಳು ವರ್ಷ ಓಡಿದ್ದ. ಈಗ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಸರಿತಾ ಕಿಟಕಿಯ ಕಡೆ ಕೂತು, ಕಾಲು ಚಾಚಿ, ಹೊರಗೆ ನೋಡುತ್ತಿದ್ದಳು. ಎದುರು ಬದಿಯ ಸೀಟಿನ ಹೆಂಗಸೊಬ್ಬಳು ಕಪ್ಪು ಮುಟ್ಟಿ ನೋಡಿ ಇಳಿದು ಹೋದ ಮೇಲೆ ಅವಳು ಮೆಲ್ಲಗೆ ಅಂದಳು:

"ಆರು ವರ್ಷ ನಾ ನಿಮ್ಮ ಓಟ ನೋಡೇನಿ. ಮೊದಲನೇ ವರ್ಷ ಒಂದು ಬಿಟ್ರ, ರಾಜೇಶ್ವರಕ್ಕ ನೀವು ಎಲ್ಲಾರಗಿಂತ ಹಿಂದ ಬರ್ತಿದ್ರಿ. ನಾ ಕೇಳಿದ್ರ, ಮೊದಲು ತಡದು ಓಡಬೇಕು, ಹುಚ್ಚರು ಮುಂದ ಓಡ್ತಾರ ಅಂತಿದ್ರಿ."

ಪಂಡರಿ ಮುಂದಿನ ಸೀಟಿನ ಕಂಬಿ ಹಿಡಿದ.

"ನಿನ್ನೆ ನನಗ ಜೋರ್ ಓಡು ಅಂದ್ರಿ. ಯಾಕ?"

"ಗೊತ್ತಿದ್ದೂ ಯಾಕ ಓಡಿದಿ ಮತ್ತ?"

"ನೀವು ಹೇಳಿದ್ರಿ ಅಂತ," ಅಂದಳು. "ನನ್ನ ಕಾಲು ಬ್ಯಾರೆ, ನಿಮ್ಮ ಕಾಲು ಬ್ಯಾರೆ, ನೋಡೇ ಹೇಳಿರಬೇಕು ಅನಕೊಂಡೆ. ಇಪ್ಪತ್ತಕ್ಕ ಕಾಲು ಸೋತಾಗ ಸಂಶಯ ಬಂತು. ಆ ಸೇತುವೆ ಮ್ಯಾಲ ನಿಮ್ಮ ಮಾರಿ ನೋಡಿದಾಗ ತಿಳೀತು."

ಸುಳ್ಳಿಗೆ ಜಾಗವಿರಲಿಲ್ಲ. ಬಸವಕುಮಾರನ ಹೆಸರು ಒಮ್ಮೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ.

"ಹೊಟ್ಟೆಕಿಚ್ಚು," ಎಂದ. "ನೀ ನನಗಿಂತ ಛಲೋ ಓಡ್ತಿ. ಒಂದು ವರ್ಷದಾಗ ಕಲ್ತಿ. ಅದು ತಡಕೊಳ್ಳಾಕ ಆಗಲಿಲ್ಲ ನನಗ."

ಸರಿತಾ ಕಪ್ಪನ್ನು ಅವನ ಕಡೆಯಿಂದ ಎತ್ತಿ ತನ್ನ ಮಡಿಲಿಗಿಟ್ಟುಕೊಂಡು ಮತ್ತೆ ಕಿಟಕಿಗೆ ತಿರುಗಿದಳು.

ಆಮೇಲೆ ಒಂದು ತಿಂಗಳು ಅವಳು ಅವನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಕಾಲು ಸರಿಹೋದ ಮೇಲೆ ಬೆಳಿಗ್ಗೆ ಒಬ್ಬಳೇ ಓಡಲು ಹೋಗುತ್ತಿದ್ದಳು. ಪಂಡರಿ ಒಂದು ದಿನ ಸೈಕಲ್ಲು ಹತ್ತಿ ಶಾಲೆಗೆ ಹೋಗಿ ಬಸವಕುಮಾರನನ್ನು ಕಂಡ, ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದ. ಬಸವಕುಮಾರ, "ಅಣ್ಣಾ, ನಾ ಚಹಾದಂಗಡಿ ಮುಂದ ಅಷ್ಟು ಮಂದ್ಯಾಗ ನಗಸಬಾರದಿತ್ತು," ಎಂದ. ಬಾಯಿ ಸಡಿಲವಾದರೂ ಪಂಡರಿ ಹೇಳಿದ್ದನ್ನು ಅವನು ಯಾರಿಗೂ ದಾಟಿಸಲಿಲ್ಲ.

ಎಳ್ಳಮಾವಾಸ್ಯೆ ಕಳೆದ ಮೇಲೆ ಪಂಡರಿ ಅಂಗಳದಲ್ಲಿ ನಿಂತು ಕೇಳಿದ: "ನಾ ಬರ್ಲೇನು?"

"ಬರ್ರಿ," ಅಂದಳು ಸರಿತಾ. "ಆದ್ರ ನಿಮ್ಮ ಸಲುವಾಗಿ ನಾ ನಿಂದ್ರಂಗಿಲ್ಲ. ಹೆಂಗ ಓಡಬೇಕು ಅಂತ ಹೇಳಬ್ಯಾಡ್ರಿ."

ಅವನು ಹೇಳಲಿಲ್ಲ. ಅವಳ ಹಿಂದೆ ಓಡುವುದನ್ನು ಕಲಿತ.

ಮರುವರ್ಷದ ಓಟದಲ್ಲಿ ಹನ್ನೊಂದು ಜನ ಹೆಂಗಸರಿದ್ದರು. ಸರಿತಾ ರಾಜೇಶ್ವರದವರೆಗೆ ಅವನ ಪಕ್ಕದಲ್ಲೇ, ತಡೆದು ತಡೆದು ಓಡಿದಳು. ಊರು ದಾಟಿದ ಮೇಲೆ ಒಮ್ಮೆ ಅವನ ಕಡೆ ನೋಡಿದಳು. "ಹೋಗು," ಎಂದ ಪಂಡರಿ. ಅವಳು ಹೋದಳು. ತೊಗರಿ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಅವಳು ಒಬ್ಬೊಬ್ಬರನ್ನೇ ಹಿಂದೆ ಹಾಕುವುದು ಅವನಿಗೆ ಬಹಳ ದೂರದವರೆಗೆ ಕಂಡಿತು. ಹೊಟ್ಟೆಯೊಳಗಿನದು ಅಂದೂ ಉರಿಯಿತು. ಆದರೆ ಈಗ ಅದರ ಹೆಸರು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದನ್ನು ಹೊತ್ತುಕೊಂಡೇ ಅವನು ಹುಮನಾಬಾದಿನವರೆಗೆ ಓಡಿದ. ಅವಳಿಗಿಂತ ಆರು ನಿಮಿಷ ತಡವಾಗಿ ಮುಟ್ಟಿ, ಗುಂಪನ್ನು ಸರಿಸಿಕೊಂಡು ಹೋಗಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ.