ಹೆಬ್ಬೆರಳ ಗುಳಿ

"ನನ್ನ ಹಾಲಲ್ಲಿ ಹುಳುಕು ಹುಡುಕೋಕೆ ನೀನೇ ಬರಬೇಕಿತ್ತೇನೇ?" ಎಂದಳು ಮಿಠಾಯಿ ಅಂಗಡಿಯ ಚಿಕ್ಕಮ್ಮ. ಪರೀಕ್ಷಾಲಯದಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಒಂದಿಷ್ಟು ಹಾಲು, ಬಾಣಲೆಯಿಂದ ಒಂದು ಚಮಚ, ತಟ್ಟೆಯಿಂದ ಎರಡು ಬಿಲ್ಲೆ ತೆಗೆದು ಬೇರೆ ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

"ಬೇರೆಯವರನ್ನ ನೀನು ಒಳಗೇ ಬಿಡ್ತಿರಲಿಲ್ಲ, ಚಿಕ್ಕಮ್ಮ. ವರದಿ ಬರೋವರೆಗೆ ಏನೂ ಮಾರಬೇಡ."

ಅದೂ ನಿಜವೇ. ಆ ಅಡುಗೆಮನೆಯಲ್ಲಿ ಆಕೆಯದೇ ದರ್ಬಾರು. ಹಾಲು ಸೋಸುವುದು ತಾನೇ, ಕುದಿಸುವುದು ತಾನೇ, ತಟ್ಟೆಗಳಿಗೆ ಕುದಿನೀರು ಹುಯ್ಯುವುದೂ ತಾನೇ. ಕೊನೆಗೆ ಪ್ರತಿ ಹಾಲಿನ ಬಿಲ್ಲೆಯ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುವಳು. ಗುಳಿ ಇದ್ದರೆ ಚಿಕ್ಕಮ್ಮನದು, ಇಲ್ಲದಿದ್ದರೆ ಯಾರದೋ, ಊರಿಗೆಲ್ಲ ಗೊತ್ತು. ಅಂಥವಳ ಬಿಲ್ಲೆ ತಿಂದು ಪಕ್ಕದ ಬೀದಿಯ ಆರು ಜನ ವಾಂತಿ ಮಾಡಿಕೊಂಡರೆಂದರೆ ಆಕೆ ನಂಬುವುದಾದರೂ ಹೇಗೆ? ತಪ್ಪು ಸಿಕ್ಕರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು.

ಮೂರನೆಯ ದಿನ ಹುಡುಗಿ ವರದಿ ತಂದಳು. "ಹಾಲು ಚೆನ್ನಾಗಿದೆ. ಬಾಣಲೆಯಲ್ಲಿದ್ದದ್ದೂ ಚೆನ್ನಾಗಿದೆ. ತಟ್ಟೆಯ ಬಿಲ್ಲೆಗಳಲ್ಲಿ ಮಾತ್ರ ಕ್ರಿಮಿ ಇದೆ."

"ನೋಡ್ದ್ಯಾ? ನನ್ನ ಹಾಲು ಅಂದ್ರೆ ಚಿನ್ನ!"

"ಕೈ ತೋರಿಸು, ಚಿಕ್ಕಮ್ಮ."

ಆಕೆ ಎಡಗೈ ಚಾಚಿದಳು. ಹುಡುಗಿ ಬಿಡಲಿಲ್ಲ, ಬಲಗೈಯೂ ಸೆರಗಿನಿಂದ ಹೊರಬರಬೇಕಾಯಿತು. ಹೆಬ್ಬೆರಳಿನ ಉಗುರಂಚು ಕೀವುಗಟ್ಟಿ ಊದಿತ್ತು. ಬಟ್ಟೆ ಸುತ್ತಿದರೆ ಗುಳಿ ಚೆನ್ನಾಗಿ ಮೂಡುವುದಿಲ್ಲವೆಂದು ಆಕೆ ವಾರದಿಂದ ಬರಿಬೆರಳಲ್ಲೇ ಒತ್ತಿದ್ದಳು.

"ಚೂರು ಗಾಯ ಕಣೇ. ಕೈ ತೊಳೆದೇ ಮುಟ್ಟೋದು ನಾನು."

"ತೊಳೆದ್ರೂ ಕೀವು ಒಸರ್ತಾನೇ ಇರತ್ತೆ. ನೀನು ಒತ್ತಿದ ಮೇಲೆ ಬಿಲ್ಲೆ ಮತ್ತೆ ಒಲೆ ಕಾಣಲ್ವಲ್ಲ."

ಚಿಕ್ಕಮ್ಮನ ಮುಖ ಸಣ್ಣದಾಯಿತು. ಆ ಆರು ಜನರಲ್ಲಿ ಒಬ್ಬಳು ಬಸುರಿ. ಅವಳ ಪೊಟ್ಟಣಕ್ಕೆ ತಾನೇ ಪ್ರೀತಿಯಿಂದ ಎರಡು ಬಿಲ್ಲೆ ಹೆಚ್ಚಿಗೆ ಹಾಕಿದ್ದಳು. ನಾಚಿಕೆಯಾಯಿತು, ಅಳುವೂ ಬಂತು. ಆದರೆ ಅಳುತ್ತ ಕೂರುವ ಹೆಂಗಸಲ್ಲ ಆಕೆ. ಎತ್ತಿಟ್ಟಿದ್ದ ಬಿಲ್ಲೆಗಳನ್ನೆಲ್ಲ ಗುಂಡಿಗೆ ಸುರಿದು, ಅಂಗಡಿಗೆ ತಾನೇ ಬೀಗ ಜಡಿದು, ಆರೂ ಜನರ ಮನೆಗೆ ಹೋಗಿ "ತಪ್ಪು ನಂದೇ" ಎಂದು ಹೇಳಿ ಬಂದಳು. ಇಬ್ಬರು ಬಾಗಿಲನ್ನೇ ತೆರೆಯಲಿಲ್ಲ.

ಬೆರಳು ಮಾಯ್ದು, ಹೊಸ ವರದಿ ಚೊಕ್ಕಟವಾಗಿ ಬಂದ ಮೇಲೆ ಅಂಗಡಿ ತೆರೆಯಿತು. ಬೆರಳು ವಾಸಿಯಾದರೂ ಆಕೆ ಗುಳಿ ಒತ್ತಲಿಲ್ಲ. ಕುದಿಸಿದ ಅಚ್ಚಿನಿಂದಲೇ ಬಿಲ್ಲೆ ಮಾಡಿದಳು. ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಆಮೇಲೆ ಆ ಬಸುರಿಯೇ ಬಂದಳು. ಒಂದು ಬಿಲ್ಲೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು.

"ಗುಳಿನೇ ಇಲ್ವಲ್ಲ, ಚಿಕ್ಕಮ್ಮ?"

"ಇಲ್ಲ. ಆದ್ರೂ ನಂದೇ."

ಅವಳು ಚಿಕ್ಕಮ್ಮನ ಮುಖ ನೋಡಿದಳು. ಆಮೇಲೆ ನಿಂತಲ್ಲೇ ಅರ್ಧ ಬಿಲ್ಲೆ ಕಚ್ಚಿ, ನಿಧಾನವಾಗಿ ಅಗಿಯತೊಡಗಿದಳು.