ಚೌಕದ ಎಡ ತಿರುವು

ಬೆಣ್ಣೆ ಡ್ರೈವರ್ ಎಂದರೆ ಬಸ್ ಡಿಪೋದಲ್ಲಿ ಗೊತ್ತಿಲ್ಲದವರಿರಲಿಲ್ಲ. ಅವನು ಬ್ರೇಕ್ ಒತ್ತಿದರೆ ನಿಂತಿದ್ದವರು ಮುಗ್ಗರಿಸುತ್ತಿರಲಿಲ್ಲ, ಮಡಿಲಲ್ಲಿ ಮಲಗಿದ್ದ ಕೂಸು ಕಣ್ಣು ಬಿಡುತ್ತಿರಲಿಲ್ಲ. ಅದಕ್ಕೇ ಆ ಹೆಸರು ಬಿದ್ದಿತ್ತು. ಅವನ ಒಬ್ಬಳೇ ಮಗಳು ಓದಿ ನಗರಸಭೆಯಲ್ಲಿ ರಸ್ತೆ ಇಂಜಿನಿಯರ್ ಆದಳು. ಹೆಂಡತಿ ತೀರಿಹೋದ ಮೇಲೆ ಎರಡು ಕೋಣೆಯ ಮಹಡಿ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ನಿವೃತ್ತನಾದ ಅಪ್ಪ ಅಡುಗೆ ಮಾಡುತ್ತಿದ್ದ, ಮಗಳು ಪಾತ್ರೆ ತೊಳೆಯುತ್ತಿದ್ದಳು. ಉಪ್ಪು ಜಾಸ್ತಿಯಾಯಿತು, ಇಲ್ಲ ಸರಿಯಾಗಿದೆ ಎಂದು ದಿನಕ್ಕೊಂದು ಸುತ್ತು ಜಗಳವಾಡಿ ಮಲಗುತ್ತಿದ್ದರು.

ಬ್ಯಾಂಕ್ ಚೌಕವನ್ನು ಹೊಸದಾಗಿ ರೂಪಿಸುವ ಕೆಲಸ ಮಗಳ ಪಾಲಿಗೆ ಬಂದಾಗ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕ್ಷೌರದಂಗಡಿ, ಔಷಧಿ ಅಂಗಡಿ, ಕೆಳಗಿನ ಮನೆ, ಎಲ್ಲ ಕಡೆ ಡಂಗುರ ಹೊಡೆದು ಬಂದ. ಆ ಚೌಕವಾದರೋ ನಾಲ್ಕು ರಸ್ತೆ ಕೂಡುವ ಜಾಗ. ಮೂಲೆಗಳನ್ನು ಎಷ್ಟು ಅಗಲಕ್ಕೆ ಬಾಗಿಸಿ ಕಟ್ಟಿದ್ದರೆಂದರೆ, ಎಡಕ್ಕೆ ತಿರುಗುವ ವಾಹನಗಳು ವೇಗ ತಗ್ಗಿಸುವ ಗೋಜಿಗೇ ಹೋಗುತ್ತಿರಲಿಲ್ಲ. ನಡೆಯುವವರು ಜೀವ ಕೈಯಲ್ಲಿ ಹಿಡಿದುಕೊಂಡು ಓಡಬೇಕು. ಸೈಕಲ್ಲಿನವರು ಬಸ್ಸಿಗೂ ಫುಟ್‌ಪಾತಿನ ಅಂಚಿಗೂ ನಡುವೆ ಸಿಕ್ಕಿಕೊಳ್ಳಬೇಕು. ಇಷ್ಟಾಗಿ ವಾಹನಗಳಾದರೂ ಸಲೀಸಾಗಿ ಹೋಗುತ್ತಿದ್ದವೇ ಎಂದರೆ ಅದೂ ಇಲ್ಲ. ಒಂದಕ್ಕೊಂದು ಅಡ್ಡ ನಿಂತು ಸಂಜೆಯೆಲ್ಲ ಹಾರ್ನ್ ಹೊಡೆದುಕೊಳ್ಳುತ್ತಿದ್ದವು.

ಮಗಳು ತನ್ನ ನಕ್ಷೆಯಲ್ಲಿ ಮೂಲೆಗಳನ್ನು ಬಿಗಿ ಮಾಡಿದಳು. ರಸ್ತೆ ದಾಟುವವರು ಅರ್ಧ ದಾರಿಯಲ್ಲಿ ನಿಂತು ಉಸಿರು ಬಿಡಲು ನಡುವೆ ಒಂದು ಕಟ್ಟೆ ಇಟ್ಟಳು. ಸೈಕಲ್ಲಿಗೆ ಬೇರೆ ದಾರಿ, ಸಿಗ್ನಲ್ಲಿನಲ್ಲಿ ಬಸ್ಸಿಗಿಂತ ಮುಂದೆ ನಿಲ್ಲಲು, ಡ್ರೈವರ್ ಕಣ್ಣಿಗೆ ಬೀಳುವಂಥ ಜಾಗ. ನಕ್ಷೆಯನ್ನು ಮನೆಗೆ ತಂದಾಗ ಅಪ್ಪ ಊಟದ ಮೇಜಿನ ಮೇಲೆ ತಟ್ಟೆ ಲೋಟ ಹರಡಿ ಚೌಕ ಕಟ್ಟಿದ. ಸೌಟೇ ಬಸ್ಸು.

"ನೋಡು ಪುಟ್ಟೀ, ಬಸ್ಸಿನ ಮೂತಿ ಹೋದ ಕಡೆ ಹಿಂದಿನ ಚಕ್ರ ಹೋಗಲ್ಲ. ಅದು ಮೂಲೆ ಕಡೆಗೆ, ಒಳಗೆ ಎಳೀತದೆ. ಇಲ್ಲಿ ಯಾರಾದರೂ ಇದ್ದರೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಸೌಟನ್ನು ಎತ್ತಿ ಪಾತ್ರೆಯೊಳಗೆ ಇಟ್ಟು, "ಅನ್ನ ಆರಿಹೋಗ್ತಿದೆ, ತಿನ್ನು" ಎಂದ.

ಅವನು ಯಾಕೆ ನಿಲ್ಲಿಸಿದನೆಂದು ಮಗಳಿಗೆ ಗೊತ್ತಿತ್ತು. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಅದೇ ಚೌಕದ ಅದೇ ಎಡ ತಿರುವಿನಲ್ಲಿ, ಅಪ್ಪನ ಬಸ್ಸಿನ ಹಿಂದಿನ ಚಕ್ರಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಸಿಕ್ಕಿ ಸತ್ತಿದ್ದಳು. ಹುಡುಗಿ ಅಡ್ಡಾದಿಡ್ಡಿ ನುಗ್ಗಿದಳು, ಡ್ರೈವರನ ತಪ್ಪಿಲ್ಲ ಎಂದು ಕೋರ್ಟು ಅಪ್ಪನನ್ನು ಬಿಟ್ಟಿತು. ಅಂದು ಅಮ್ಮ, "ಇನ್ನು ಈ ಮನೇಲಿ ಆ ಮಾತು ಯಾರೂ ಎತ್ತಕೂಡದು" ಎಂದಳು. ಯಾರೂ ಎತ್ತಲಿಲ್ಲ. ಅಮ್ಮ ಹೋದ ಮೇಲೂ ಎತ್ತಲಿಲ್ಲ.

ಇಕ್ಕಟ್ಟಾದ ಮೂಲೆಯಲ್ಲಿ ದೊಡ್ಡ ಬಸ್ಸು ತಿರುಗುತ್ತದೋ ಇಲ್ಲವೋ ನೋಡಲು ಒಂದು ಭಾನುವಾರ ಬೆಳಿಗ್ಗೆ ಚೌಕದಲ್ಲಿ ಪ್ಲಾಸ್ಟಿಕ್ ಕಂಬಗಳನ್ನಿಟ್ಟು ಪರೀಕ್ಷೆ ಮಾಡಿದರು. ಮಗಳು ಅಪ್ಪನನ್ನೂ ಕರೆದುಕೊಂಡು ಹೋದಳು. ಡಿಪೋದ ಈಗಿನ ಡ್ರೈವರ್ ಬಸ್ಸು ಓಡಿಸಿದ. ಅಪ್ಪ ಬಸ್ಸಿನೊಳಗೆ ಅವನ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಮುಂದೆ ಹೋಗಿ ಮುರಿ, ಹಾಂ, ಈಗ" ಎಂದ. ಒಂದು ಕಂಬವೂ ಅಲುಗಲಿಲ್ಲ. ಇಳಿದು ಬಂದ ಅಪ್ಪನ ಮುಖ ಹುಡುಗನ ಮುಖದ ಹಾಗಿತ್ತು. "ತಿರುಗ್ತದೆ ಕಣೇ! ಗಾಡಿ ನಿಧಾನ ಮಾಡಲೇಬೇಕು, ಅಷ್ಟೇ. ನಿಧಾನ ಮಾಡಿದರೆ ಯಾರಪ್ಪನ ಗಂಟು ಹೋಗ್ತದೆ?"

ಮಗಳಿಗೆ ಅಷ್ಟು ಖುಷಿ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಜನರ ಅಭಿಪ್ರಾಯ ಕೇಳುವ ಸಭೆ ಹತ್ತಿರದ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಗೋಡೆಗೆ ಎರಡು ದೊಡ್ಡ ನಕ್ಷೆಗಳು. ಒಂದರಲ್ಲಿ ಹೊಸ ಚೌಕ, ಇನ್ನೊಂದರಲ್ಲಿ ಹಳೆಯದು. ಹಳೆಯದರ ಮೇಲೆ ಇಷ್ಟು ವರ್ಷಗಳಲ್ಲಿ ಅಪಘಾತವಾದ ಜಾಗಗಳಿಗೆಲ್ಲ ಕೆಂಪು ಚುಕ್ಕೆ. ಎಡ ತಿರುವುಗಳಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಕೂತಿದ್ದವು. ಅದರ ಕೆಳಗೆ ಮಗಳೇ ಬರೆಸಿದ್ದ ಒಂದು ಸಾಲು: "ಇಲ್ಲಿ ಸತ್ತವರು ತಪ್ಪು ಮಾಡಿದವರಲ್ಲ, ಕಾಣದೆ ಹೋದವರು."

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೇಗನೆ ಬಂದಿದ್ದ. ಆ ನಕ್ಷೆಯ ಮುಂದೆ ಬಹಳ ಹೊತ್ತು ನಿಂತ. ಕುರ್ಚಿಗಳನ್ನು ಸರಿಪಡಿಸುತ್ತಿದ್ದ ಮಗಳನ್ನು ಕಣ್ಣಲ್ಲೇ ಕರೆದು ಮೆಲ್ಲಗೆ ಕೇಳಿದ: "ಇದರಲ್ಲಿ ನಂದು ಯಾವುದು?"

ಆ ನಕ್ಷೆ ಮಾಡುವಾಗ ಅವಳಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಒಂದು ಚುಕ್ಕೆ ಬಿಡುವುದಾದರೂ ಹೇಗೆ? ಹೆಸರಿಲ್ಲ, ದಿನಾಂಕವಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದಳು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಬೆರಳಿಟ್ಟು ತೋರಿಸಿದಳು. ಅಪ್ಪ ಬಗ್ಗಿ ನೋಡಿದ. ಕೆಳಗಿನ ಸಾಲನ್ನೂ ಓದಿದ. ಹಿಂದಿನ ಸಾಲಿಗೆ ಹೋಗಿ ಕೂತ.

ಸಭೆಯಲ್ಲಿ ಅಂಗಡಿಕಾರರ ಸಂಘದ ಅಧ್ಯಕ್ಷ ಮೊದಲು ಎದ್ದ. ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗ ಹೋಗುತ್ತದೆ ಎನ್ನುವುದು ಅವನ ದುಃಖ. ಬಾಯಲ್ಲಿ ಮಾತ್ರ ಆಂಬುಲೆನ್ಸಿನ ಮಾತು. ಜನ ಅಷ್ಟಾಗಿ ಕಿವಿಗೊಡಲಿಲ್ಲ. ಆಗ ಹಿಂದಿನಿಂದ ಅಪ್ಪ ಕೈ ಎತ್ತಿದ. ಬಸ್ಸು ತಿರುಗಿದ್ದಕ್ಕೆ ಸಾಕ್ಷಿ ಹೇಳಲು ಎದ್ದಿದ್ದಾನೆ ಎಂದುಕೊಂಡು ಮಗಳೇ ಓಡಿಹೋಗಿ ಅವನ ಕೈಗೆ ಮೈಕು ಕೊಟ್ಟಳು.

"ನಾನು ಈ ಚೌಕದಲ್ಲಿ ಜೀವನ ಸವೆಸಿದ ಡ್ರೈವರು" ಎಂದು ಅಪ್ಪ ಶುರುಮಾಡಿದ. "ಇಷ್ಟು ಇಕ್ಕಟ್ಟಿನ ಮೂಲೇಲಿ ಬಸ್ಸು ತಿರುಗೋದಿಲ್ಲ. ಕಾಗದದ ಮೇಲೆ ತಿರುಗಬಹುದು, ರಸ್ತೆ ಮೇಲೆ ತಿರುಗೋದಿಲ್ಲ. ಇನ್ನು ಆ ಚುಕ್ಕೆಗಳು. ರಸ್ತೆ ಯಾರನ್ನೂ ಕೊಲ್ಲಲ್ಲ, ಸ್ವಾಮಿ. ಹಿಂದೆ ಮುಂದೆ ನೋಡದೆ ನುಗ್ಗಿದರೆ ದೇವರೇ ಬಂದು ಸ್ಟೇರಿಂಗ್ ಹಿಡಿದರೂ ಉಳಿಸೋಕಾಗಲ್ಲ."

ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಅನುಭವಸ್ಥರ ಮಾತು ಎಂದರು. ಸಭೆಗೆ ಬಂದಿದ್ದ ನಗರಸಭೆಯ ಮುಖ್ಯ ಇಂಜಿನಿಯರ್ ಮಗಳ ಕಡೆ ತಿರುಗಿ, "ಬಸ್ಸಿನ ಪರೀಕ್ಷೆ ಮಾಡಿದ್ರಲ್ಲ, ಏನಾಯ್ತಮ್ಮ ಅದು?" ಎಂದು ಕೇಳಿದ. ಮೈಕು ಈಗ ಅವಳ ಕೈಯಲ್ಲಿತ್ತು. ಇದೇ ಮನುಷ್ಯ ಆ ಬಸ್ಸಿನೊಳಗಿದ್ದ, ತಿರುಗುತ್ತದೆ ಎಂದು ಕುಣಿದಾಡಿದ್ದ ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನರೆದುರು ಹೆತ್ತ ಅಪ್ಪನನ್ನು ಸುಳ್ಳುಗಾರ ಅನ್ನಬೇಕಾಗಿತ್ತು. "ತಿರುಗಿತು ಸಾರ್... ಇನ್ನೊಮ್ಮೆ ನೋಡಬಹುದು" ಎಂದು ತೊದಲಿದಳು. ಅಲ್ಲಿಗೆ ಆ ಹೊಸ ನಕ್ಷೆಯ ಕತೆ ಮುಗಿಯಿತು.

ಎರಡನೆಯ ಸಾಲಿನಲ್ಲಿ ನರೆತ ಕೂದಲಿನ ಹೆಂಗಸೊಬ್ಬರು ಮೊದಲಿನಿಂದ ಕೈ ಎತ್ತಿಕೊಂಡೇ ಇದ್ದರು. ಚಪ್ಪಾಳೆ ನಿಂತಾಗ ಕೈ ಇಳಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಮಗಳು ಮೆಟ್ಟಿಲ ತನಕ ಓಡಿ ಅವರನ್ನು ತಡೆದಳು. "ಅಮ್ಮಾ, ನೀವು ಏನೋ ಹೇಳಬೇಕು ಅಂತಿದ್ರಿ."

"ಹೇಳೋದೇನಿಲ್ಲಮ್ಮ. ಆ ಚುಕ್ಕೆಗಳಲ್ಲಿ ಒಂದು ನನ್ನ ಮಗಳು. ಸೈಕಲ್ ಮೇಲೆ ಕಾಲೇಜಿಗೆ ಹೋಗ್ತಿದ್ದಳು. ನೀವು ಕೆಳಗೆ ಬರೆಸಿದ್ದೀರಲ್ಲ, ತಪ್ಪು ಮಾಡಿದವರಲ್ಲ ಅಂತ, ಅದಕ್ಕೆ ಒಂದು ಥ್ಯಾಂಕ್ಸ್ ಹೇಳೋಣ ಅಂತ ಬಂದೆ." ಅವರು ಒಂದು ಮೆಟ್ಟಿಲು ಇಳಿದು ತಿರುಗಿದರು. "ಮಾತಾಡಿದರಲ್ಲ, ಆ ಡ್ರೈವರು, ನಿಮ್ಮ ತಂದೆ ಅಲ್ವಾ? ಮೂಗು ನಿಮ್ಮದೇ. ಕೋರ್ಟಲ್ಲೂ ಹೀಗೇ ಚೆನ್ನಾಗಿ ಮಾತಾಡಿದ್ದರು."

ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಮನೆಯಲ್ಲಿ ಅಪ್ಪ ಏನೂ ಆಗದವನ ಹಾಗೆ ಈರುಳ್ಳಿ ಹೆಚ್ಚುತ್ತಿದ್ದ. ಮಗಳು ಬಾಗಿಲಲ್ಲೇ ನಿಂತು ಕೇಳಿದಳು: "ಯಾಕಪ್ಪಾ?"

ಅವನು ಚಾಕು ಕೆಳಗಿಡಲಿಲ್ಲ. "ನಿನ್ನ ರಸ್ತೆ ಸರಿ ಅಂದರೆ ನಾನು ಏನಾದೆ?"

"ಹಳೇ ರಸ್ತೆ ತಪ್ಪು ಅಂದೆ. ನಿನ್ನ ತಪ್ಪು ಅಂದೆನಾ?"

"ಯಾರದೋ ಒಬ್ಬರದು ಆಗಲೇಬೇಕಲ್ಲ! ಆ ಹುಡುಗಿದು ಅಂತ ಕೋರ್ಟು ಹೇಳ್ತು. ಆ ಒಂದು ಮಾತು ಹಿಡಕೊಂಡು ಇಷ್ಟು ವರ್ಷ ನಾನು ಸ್ಟೇರಿಂಗ್ ಮುಂದೆ ಕೂತೆ, ಉಂಡೆ, ಮಲಗಿದೆ. ನೀನು ಓದಿ ದೊಡ್ಡವಳಾಗಿ ಅದನ್ನೂ ಕಿತ್ಕೊಳ್ಳೋಕೆ ಬಂದೆ. ಗೋಡೆಗೆ ಅಂಟಿಸಿ, ಊರವರನ್ನ ಕರೆದು!"

"ಆ ಹುಡುಗಿ ತಾಯಿ ಬಂದಿದ್ದರು."

ಚಾಕು ನಿಂತಿತು. "ಗೊತ್ತು" ಎಂದ ಅಪ್ಪ. "ಹಿಂದೆ ಹೋಗಿ ಕೂತಾಗಲೇ ನೋಡಿದೆ."

ನೋಡಿಯೂ ಅಷ್ಟು ಮಾತಾಡಿದನೇ ಎಂದು ಮಗಳಿಗೆ ಅನ್ನಿಸಿತು, ಕೇಳಲಿಲ್ಲ. ಕೇಳಿ ಉತ್ತರ ಬಂದರೆ ಅದರ ಜೊತೆ ಒಂದೇ ಸೂರಿನಡಿ ಬಾಳಬೇಕಾಗುತ್ತಿತ್ತು. ಆ ರಾತ್ರಿ ಉಪ್ಪಿನ ಜಗಳ ಆಗಲಿಲ್ಲ. ಮುಂದೆಯೂ ಆಗಲಿಲ್ಲ.

ಕಚೇರಿಯಲ್ಲಿ ಮುಖ್ಯ ಇಂಜಿನಿಯರ್ ತಲೆ ಕೆರೆದುಕೊಂಡ. "ನಿಮ್ಮ ತಂದೆಯವರೇ ಬೇಡ ಅಂದಮೇಲೆ ನಾನೇನು ಮಾಡಲಮ್ಮ? ವಾಹನ ಸರಾಗ ಹೋಗೋ ಥರ ಇನ್ನೊಂದು ಬರೆಯಿರಿ." ಆ ಇನ್ನೊಂದನ್ನೂ ಅವಳೇ ಬರೆಯಬೇಕಾಯಿತು. ಮೂಲೆಗಳು ಮತ್ತಷ್ಟು ಅಗಲವಾದವು. ಎಡಕ್ಕೆ ತಿರುಗುವವರಿಗೆ ಸಿಗ್ನಲ್ಲೇ ಇಲ್ಲದ ಬೇರೆ ದಾರಿಯಾಯಿತು. ನಡುವಿನ ಕಟ್ಟೆ ಹೋಯಿತು, ಸೈಕಲ್ಲಿನ ದಾರಿ ಹೋಯಿತು. ನಡೆಯುವವರು ಮೂಲೆಯಲ್ಲಿ ದಾಟದಂತೆ ಕಬ್ಬಿಣದ ಬೇಲಿ ಬಂತು. ದಾಟಬೇಕಾದವರು ಬೇಲಿ ಮುಗಿಯುವ ತನಕ ಅಷ್ಟು ದೂರ ಹೋಗಿ ಬರಬೇಕು. ಕೆಲಸ ಮುಗಿದು ಉದ್ಘಾಟನೆಯಾದಾಗ ಅಂಗಡಿಕಾರರ ಸಂಘದ ಅಧ್ಯಕ್ಷ ಅಪ್ಪನನ್ನು ಕರೆದು ಮೊದಲ ಸಾಲಿನಲ್ಲಿ ಕೂರಿಸಿದ. ಕೆಲವೇ ವಾರಗಳಲ್ಲಿ ಸಂಜೆಯ ಹಾರ್ನ್ ಗಲಾಟೆ ಮೊದಲಿನ ಹಾಗೇ ಆಯಿತು. ಮಗಳು ಚರಂಡಿ ವಿಭಾಗಕ್ಕೆ ವರ್ಗ ಕೇಳಿಕೊಂಡಳು, ಮರುಮಾತಿಲ್ಲದೆ ಕೊಟ್ಟರು.

ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ತೋರಿಸಲು ಒಂದು ದಿನ ಇಬ್ಬರೂ ಆಸ್ಪತ್ರೆಗೆ ಹೊರಟರು. ಆಸ್ಪತ್ರೆ ಚೌಕದ ಆಚೆ. ಬೇಲಿ ಮುಗಿಯುವ ಕಡೆ ಬಂದು, ಸ್ವಲ್ಪ ಬಿಡುವು ಸಿಕ್ಕಾಗ ಮಗಳು ಸರಸರ ದಾಟಿದಳು. ಅಪ್ಪ ಹಿಂದೆಯೇ ಬರುತ್ತಿದ್ದಾನೆ ಎಂದುಕೊಂಡಿದ್ದಳು. ತಿರುಗಿ ನೋಡಿದರೆ ಅವನಿನ್ನೂ ಆ ಕಡೆಯ ಅಂಚಿನಲ್ಲೇ ಇದ್ದ. ಒಂದು ಹೆಜ್ಜೆ ಮುಂದಿಡುತ್ತಾನೆ, ಗಾಡಿ ಬರುತ್ತದೆ, ಹಿಂದೆ ಸರಿಯುತ್ತಾನೆ. ಕೈ ಅಡ್ಡ ಹಿಡಿದ; ಯಾರೂ ನಿಲ್ಲಿಸಲಿಲ್ಲ. ಮಂಜು ಕವಿದ ಕಣ್ಣುಗಳಿಂದ ಅವಳೆಲ್ಲಿದ್ದಾಳೆಂದು ಹುಡುಕಿದ. "ಪುಟ್ಟೀ" ಎಂದು ಕೂಗಿರಬೇಕು; ಬಾಯಿ ಅಲ್ಲಾಡಿದ್ದು ಕಂಡಿತು.

ವಾಪಸು ದಾಟಿ ಕೈ ಹಿಡಿದು ಕರೆತರುವುದು ದೊಡ್ಡ ಮಾತಾಗಿರಲಿಲ್ಲ. ಹೋಗಬೇಕು ಎಂದುಕೊಂಡಳು. ಹೋಗಲಿಲ್ಲ. ನೆರಳಿಗೆ ಸರಿದು ನಿಂತು ನೋಡುತ್ತಲೇ ಇದ್ದಳು. ಕೊನೆಗೆ ಮೂಟೆ ಹೊರುವವನೊಬ್ಬ ಅಪ್ಪನ ಮೊಣಕೈ ಹಿಡಿದು ಗಾಡಿಗಳಿಗೆ ಬೈಯುತ್ತ ಈಚೆ ತಂದು ಬಿಟ್ಟ. ಅಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವಳು ಇಷ್ಟು ಹೊತ್ತೂ ಅಲ್ಲೇ ನಿಂತಿದ್ದಳೆಂದು ಅವನಿಗೆ ತಿಳಿಯಿತು.

"ಡಾಕ್ಟರು ಹೋಗಿಬಿಡ್ತಾರೆ, ನಡಿ" ಎಂದಳು.

ಅಪ್ಪ ತಲೆಯಾಡಿಸಿದ. ಅವಳು ಮುಂದೆ, ಅವನು ಗೋಡೆ ಸವರಿಕೊಂಡು ಹಿಂದೆ, ಆಸ್ಪತ್ರೆಯ ಕಡೆಗೆ ನಡೆದರು.